ಹೋಮ್‌ಸ್ಟೆಡ್, 1892: ಉಕ್ಕಿನ ಕಾರ್ಖಾನೆಯ ಕೂಲಿಯೂ ಕಾರ್ನೆಗಿಯವರ ದಾನವೂ

ಪಶ್ಚಿಮವಾಹಿನಿ:

ಪದವಿ ತರಗತಿಗಳಿಗೆ ಅಮೆರಿಕದ ಇತಿಹಾಸವನ್ನು ಪಾಠ ಮಾಡುತ್ತಿದ್ದೇನೆ. ಅಂತರ್ಯುದ್ಧ ಮುಗಿದಂದಿನಿಂದ 1914ರವರೆಗಿನ ಅವಧಿಯನ್ನು ನಮ್ಮ ಪಠ್ಯಕ್ರಮ ಒಂದೇ ಘಟಕದೊಳಗೆ ಮುಗಿಸುತ್ತದೆ. ರೈಲು, ಉಕ್ಕು, ತೈಲ, ಟ್ರಸ್ಟುಗಳು (ಒಂದು ಉದ್ಯಮವನ್ನೇ ಹಿಡಿತದಲ್ಲಿಟ್ಟುಕೊಂಡ ಕಂಪನಿಗಳ ಕೂಟಗಳು), ಆಮೇಲೆ ಸುಧಾರಣೆಗಳು ಎಂಬ ಕ್ರಮದಲ್ಲಿ ಓದಿಕೊಂಡು ಹೋಗುವ ವಿದ್ಯಾರ್ಥಿಗಳಿಗೆ, ಕಾರ್ಖಾನೆಗಳು ಬಂದವು, ಕೆಲವರು ಕೆಟ್ಟದಾಗಿ ನಡೆದುಕೊಂಡರು, ಬಳಿಕ ಕಾನೂನು ಬಂದು ಎಲ್ಲವನ್ನೂ ಸರಿಪಡಿಸಿತು ಎಂಬ ಭಾವನೆ ಉಳಿದುಬಿಡುತ್ತದೆ. ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಹಾಗೆಯೇ ಇಡುತ್ತಿದ್ದೇನೆ: ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಎರಡೂವರೆ ಸಾವಿರ ಗ್ರಂಥಾಲಯಗಳನ್ನು ಕಟ್ಟಿಸಿಕೊಟ್ಟವರು, ಅದೇ ಕಾರ್ನೆಗಿಯವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಗುಂಡು ಹಾರಿ ಕೆಲಸಗಾರರು ಸತ್ತರು, ಇವೆರಡನ್ನೂ ಒಂದೇ ಜೀವನದ ಭಾಗವಾಗಿ ಹೇಗೆ ಅರ್ಥಮಾಡಿಕೊಳ್ಳಬೇಕು? ಒಳ್ಳೆಯವರೋ ಕೆಟ್ಟವರೋ ಎಂಬ ತೀರ್ಪು ನನಗೆ ಬೇಕಿಲ್ಲ. ಆ ಜಗಳ ನಿಜವಾಗಿ ಯಾವುದರ ಬಗ್ಗೆ ಇತ್ತು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಹಳೇಸೇತುವೆ:

ಪಶ್ಚಿಮವಾಹಿನಿಯವರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕೂಲಿಯನ್ನು ಲೆಕ್ಕ ಹಾಕುತ್ತಿದ್ದ ರೀತಿಯನ್ನು ನೋಡಬೇಕು, ಏಕೆಂದರೆ ಗುಂಡಿನ ಕಾಳಗವನ್ನು ವರ್ಣಿಸುವವರು ಬಹಳ ಮಂದಿ ಇದ್ದರೂ ಅದರ ಹಿಂದಿದ್ದ ಒಪ್ಪಂದವನ್ನು ಬಿಡಿಸಿ ಹೇಳುವವರು ಕಡಿಮೆ.

ಹೋಮ್‌ಸ್ಟೆಡ್ ಇರುವುದು ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರದಿಂದ ಕೆಲವೇ ಮೈಲಿ ದೂರದಲ್ಲಿ, ಮೊನಾಂಗಹೀಲಾ ನದಿಯ ದಂಡೆಯ ಮೇಲೆ. ಅಲ್ಲಿನ ಕಾರ್ಖಾನೆಯನ್ನು ಕಾರ್ನೆಗಿ 1883ರಲ್ಲಿ ಕೊಂಡುಕೊಂಡರು. 1892ರ ಹೊತ್ತಿಗೆ ಅಲ್ಲಿ ಸುಮಾರು 3,800 ಮಂದಿ ದುಡಿಯುತ್ತಿದ್ದರು. ಅವರಲ್ಲಿ ಕುಶಲಕರ್ಮಿಗಳು, ಎಂದರೆ ಕುಲುಮೆ ಮತ್ತು ಉರುಳೆಯಂತ್ರಗಳ ಮೇಲೆ ಹಿಡಿತವಿದ್ದ ಎಂಟುನೂರರಷ್ಟು ಜನ, ಕಬ್ಬಿಣ ಮತ್ತು ಉಕ್ಕು ಕೆಲಸಗಾರರ ಅಮಾಲ್ಗಮೇಟೆಡ್ ಸಂಘದ ಸದಸ್ಯರಾಗಿದ್ದರು. ಇವರ ಕೂಲಿ ದಿನಕ್ಕಿಷ್ಟು ಎಂದು ನಿಗದಿಯಾಗಿರಲಿಲ್ಲ. ಎಷ್ಟು ಟನ್ ಉಕ್ಕು ಹೊರಬಂದಿತು ಎಂಬುದರ ಮೇಲೆ ಕೂಲಿ ನಿಂತಿತ್ತು, ಟನ್ನಿನ ದರವು ಮಾರುಕಟ್ಟೆಯಲ್ಲಿ ಬಿಲೆಟ್ ಎಂಬ ಉಕ್ಕಿನ ಗಟ್ಟಿಯ ಬೆಲೆಗೆ ತಕ್ಕಂತೆ ಏರುತ್ತ ಇಳಿಯುತ್ತ ಹೋಗುತ್ತಿತ್ತು. ಬೆಲೆ ಎಷ್ಟೇ ಕುಸಿದರೂ ಟನ್ನಿಗೆ 25 ಡಾಲರ್ ಎಂದು ಹಿಡಿದೇ ಕೂಲಿ ಕೊಡಬೇಕು ಎಂಬ ತಳಮಿತಿಯನ್ನು 1889ರ ಒಪ್ಪಂದದಲ್ಲಿ ಸಂಘ ಗಳಿಸಿಕೊಂಡಿತ್ತು.

ಆ ಒಪ್ಪಂದ 1892ರ ಜೂನ್ 30ಕ್ಕೆ ಮುಗಿಯುವುದಿತ್ತು. ಕಾರ್ನೆಗಿ ಆ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗಿದ್ದರು. ಆಡಳಿತ ಹೆನ್ರಿ ಕ್ಲೇ ಫ್ರಿಕ್ ಅವರ ಕೈಯಲ್ಲಿತ್ತು. ಕಂಪನಿ ತಳಮಿತಿಯನ್ನು 22 ಡಾಲರಿಗೆ ಇಳಿಸಬೇಕೆಂದಿತು, ಆಮೇಲೆ 23ಕ್ಕೆ ಒಪ್ಪಿತು. ಸಂಘ 25ರಿಂದ 24ಕ್ಕೆ ಇಳಿಯಿತು. ಉಳಿದದ್ದು ಒಂದು ಡಾಲರಿನ ಅಂತರ. ಒಂದು ಡಾಲರಿಗಾಗಿ ಜೀವ ಕೊಡುವ ಮಟ್ಟಕ್ಕೆ ಯಾರೂ ಹೋಗುವುದಿಲ್ಲ. ಇದೇ ಹೊತ್ತಿನಲ್ಲಿ ಕಂಪನಿ ಇನ್ನೊಂದು ಬೇಡಿಕೆಯನ್ನು ಮುಂದಿಟ್ಟಿತ್ತು: ಇನ್ನು ಮುಂದೆ ಒಪ್ಪಂದಗಳು ಜೂನ್ ಕೊನೆಗೆ ಬದಲು ಡಿಸೆಂಬರ್ 31ಕ್ಕೆ ಮುಗಿಯಬೇಕು. ಪೆನ್ಸಿಲ್ವೇನಿಯಾದ ಚಳಿಗಾಲದಲ್ಲಿ ಕಲ್ಲಿದ್ದಲಿಗೂ ಬೆಚ್ಚನೆಯ ಬಟ್ಟೆಗೂ ದುಡ್ಡು ಹೊಂಚಬೇಕಾದ ಸಂಸಾರ ಕೆಲಸ ಬಿಟ್ಟು ಎಷ್ಟು ದಿನ ಕೂರಬಲ್ಲದು? ಈ ತಾರೀಖನ್ನು ಒಪ್ಪಿಕೊಂಡರೆ ಮುಂದಿನ ಪ್ರತಿಯೊಂದು ಮಾತುಕತೆಯಲ್ಲೂ ತಾವು ಕೈಕಟ್ಟಿ ನಿಲ್ಲಬೇಕಾಗುತ್ತದೆ ಎಂಬುದು ಆ ಕೆಲಸಗಾರರಿಗೆ ಚೆನ್ನಾಗಿ ತಿಳಿದಿತ್ತು. ಜಗಳದ ತಿರುಳು ಇದು ಎಂದೇ ನನ್ನ ಅಭಿಪ್ರಾಯ. ಇಂದಿನ ಕೂಲಿಯ ಜೊತೆಗೆ ನಾಳೆ ಕೂಲಿಯ ಬಗ್ಗೆ ಮಾತಾಡುವ ಶಕ್ತಿ ಯಾರಿಗೆ ಇರಬೇಕು ಎಂಬುದೂ ಅಲ್ಲಿ ತೀರ್ಮಾನವಾಗಬೇಕಿತ್ತು.

ಫ್ರಿಕ್ ಮಾತುಕತೆ ಮುಗಿಯುವ ಮೊದಲೇ ಕಾರ್ಖಾನೆಯ ಸುತ್ತ ಎತ್ತರದ ಹಲಗೆಯ ಬೇಲಿ ಹಾಕಿಸಿ, ಅದರ ಮೇಲೆ ಮುಳ್ಳುತಂತಿ ಎಳೆಸಿದ್ದರು. ಊರವರು ಅದನ್ನು ‘ಫ್ರಿಕ್ ಕೋಟೆ’ ಎಂದು ಕರೆದರು. ಜೂನ್ ಕೊನೆಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಸಂಘದ ಹೊರಗಿದ್ದ ಸುಮಾರು ಮೂರು ಸಾವಿರ ಕೂಲಿಗಳು ಸಭೆ ಸೇರಿ ಸಂಘದ ಜೊತೆ ನಿಲ್ಲುವುದೆಂದು ತೀರ್ಮಾನಿಸಿದರು. ಜುಲೈ 5ರ ರಾತ್ರಿ ಪಿಂಕರ್ಟನ್ ಖಾಸಗಿ ಪತ್ತೇದಾರಿ ಸಂಸ್ಥೆಯ 300 ಮಂದಿಯನ್ನು ಎರಡು ಮುಚ್ಚುಗೆಯ ದೋಣಿಗಳಲ್ಲಿ ಕೂರಿಸಿ, ‘ಲಿಟಲ್ ಬಿಲ್’ ಎಂಬ ಉಗಿದೋಣಿಯಿಂದ ಎಳೆಸಿಕೊಂಡು ನದಿಯ ಮೂಲಕ ಕರೆತರಲಾಯಿತು. ಬೆಳಗಿನ ಜಾವ ದಡ ಮುಟ್ಟುವಷ್ಟರಲ್ಲಿ ಊರಿಗೆ ಊರೇ ಎದ್ದು ಬಂದಿತ್ತು. ಮೊದಲ ಗುಂಡು ಯಾರ ಕಡೆಯಿಂದ ಹಾರಿತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಸಂಜೆಯವರೆಗೂ ನಡೆದ ಕಾಳಗದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕದ ಪ್ರಕಾರ ಏಳು ಮಂದಿ ಕೆಲಸಗಾರರೂ ಮೂವರು ಪಿಂಕರ್ಟನ್‌ಗಳೂ ಸತ್ತರು. ಶರಣಾದ ಪಿಂಕರ್ಟನ್‌ಗಳನ್ನು ದಡಕ್ಕೆ ಕರೆತಂದಾಗ ಜನ ಎರಡು ಸಾಲಾಗಿ ನಿಂತು ಅವರನ್ನು ಕ್ರೂರವಾಗಿ ಹೊಡೆದರು. ಇದನ್ನೂ ವಿದ್ಯಾರ್ಥಿಗಳಿಂದ ಮುಚ್ಚಿಡಬಾರದು.

ಜುಲೈ 12ರಂದು ರಾಜ್ಯಪಾಲ ಪ್ಯಾಟಿಸನ್ ಕಳುಹಿಸಿದ ಎಂಟು ಸಾವಿರಕ್ಕೂ ಹೆಚ್ಚಿನ ರಾಜ್ಯ ಸೈನಿಕರು ಬಂದಿಳಿದರು. ಅವರ ಕಾವಲಿನಲ್ಲಿ ಹೊಸ ಕೆಲಸಗಾರರು ಒಳಗೆ ಹೋದರು. ಜುಲೈ 23ರಂದು ಅಲೆಕ್ಸಾಂಡರ್ ಬರ್ಕ್‌ಮನ್ ಎಂಬ ಅರಾಜಕತಾವಾದಿ ಫ್ರಿಕ್ ಅವರ ಕಚೇರಿಗೆ ನುಗ್ಗಿ ಗುಂಡು ಹಾರಿಸಿ ಇರಿದಾಗ, ಅವನಿಗೂ ಸಂಘಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಜನರ ಸಹಾನುಭೂತಿ ಕೆಲಸಗಾರರಿಂದ ದೂರ ಸರಿಯಿತು. ಫ್ರಿಕ್ ಬದುಕುಳಿದರು. ನವೆಂಬರ್ 20ರಂದು, ಕೈಯಲ್ಲಿದ್ದ ಹಣವೂ ಧೈರ್ಯವೂ ಖಾಲಿಯಾಗಿದ್ದ ಸಂಘದವರು 91ರ ವಿರುದ್ಧ 101 ಮತಗಳಿಂದ ಸೋಲೊಪ್ಪಿದರು.

ಕಡತ:

ಹಳೇಸೇತುವೆಯವರ ವಿವರಣೆ ಸ್ಪಷ್ಟವಾಗಿದೆ. ಆದರೂ ಎರಡು ಆಕ್ಷೇಪಗಳನ್ನು ದಾಖಲಿಸಬೇಕೆನಿಸುತ್ತದೆ.

ಮೊದಲನೆಯದು ಬೆಲೆಯ ವಿಷಯ. 1870ರ ದಶಕದ ಆರಂಭದಲ್ಲಿ ಉಕ್ಕಿನ ಹಳಿಗೆ ಟನ್ನಿಗೆ ನೂರು ಡಾಲರಿಗಿಂತ ಹೆಚ್ಚು ಕೊಡಬೇಕಿತ್ತು. 1890ರ ದಶಕದ ಕೊನೆಗೆ ಅದು ಇಪ್ಪತ್ತಕ್ಕಿಂತ ಕೆಳಗೆ ಬಂದಿತ್ತು. ಅಗ್ಗದ ಹಳಿ ಎಂದರೆ ಅಗ್ಗದ ಸಾಗಾಟ. ಅಗ್ಗದ ಸಾಗಾಟ ಎಂದರೆ ಕಾನ್ಸಾಸಿನ ಗೋಧಿ ಬೆಳೆಗಾರನಿಗೂ ನ್ಯೂಯಾರ್ಕಿನಲ್ಲಿ ರೊಟ್ಟಿ ಕೊಳ್ಳುವ ಬಡವನಿಗೂ ಲಾಭ. ಪಿಟ್ಸ್‌ಬರ್ಗ್ ಬಳಿಯ ಬ್ರಾಡಕ್‌ನಲ್ಲಿ 1875ರಲ್ಲಿ ಕೆಲಸ ಆರಂಭಿಸಿದ ಎಡ್ಗರ್ ಥಾಮ್ಸನ್ ಕಾರ್ಖಾನೆಯಲ್ಲಿ ಪ್ರತಿಯೊಂದು ಹಂತದ ಖರ್ಚನ್ನೂ ಬರೆದಿಟ್ಟು ಹೋಲಿಸುವ ಪದ್ಧತಿಯನ್ನು ಕಾರ್ನೆಗಿ ತಂದರು. ಹಳೆಯ ಯಂತ್ರ ಇನ್ನೂ ಓಡುತ್ತಿದ್ದರೂ ಹೊಸದು ಅಗ್ಗವೆಂದಾದರೆ ಕಿತ್ತುಹಾಕಿಸಿದರು. ಅಮೆರಿಕದ ಉಕ್ಕಿನ ಉತ್ಪಾದನೆ 1880ರಲ್ಲಿ ಸುಮಾರು ಹನ್ನೆರಡೂವರೆ ಲಕ್ಷ ಟನ್ ಇದ್ದದ್ದು 1900ಕ್ಕೆ ಒಂದು ಕೋಟಿ ಟನ್ನನ್ನು ದಾಟಿತು. ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹೊಸ ಯಂತ್ರ ಬಂದಾಗಲೂ ಹಳೆಯ ದರವನ್ನೇ ಕೊಡಬೇಕು ಎಂಬುದು ಪ್ರಶ್ನಿಸಬಹುದಾದ ಬೇಡಿಕೆಯಲ್ಲವೇ?

ಎರಡನೆಯದು ಆ ಸಂಘದ ಸ್ವರೂಪ. ಕೌಶಲವಿಲ್ಲದ ಕೂಲಿಗಳಿಗೆ, ಪೂರ್ವ ಯೂರೋಪಿನಿಂದ ಬಂದ ಸ್ಲೋವಾಕ್ ಮತ್ತು ಹಂಗೇರಿಯನ್ ವಲಸಿಗರಿಗೆ ಅದರಲ್ಲಿ ಜಾಗವೇ ಇರಲಿಲ್ಲ ಎನ್ನಬಹುದು. ಕಪ್ಪು ಕೆಲಸಗಾರರನ್ನು ಅದರ ಬಹುತೇಕ ಶಾಖೆಗಳು ದೂರವೇ ಇಟ್ಟಿದ್ದವು. ಬೀಗಮುದ್ರೆಯ ನಂತರ ಕಂಪನಿ ಕರೆತಂದ ಹೊಸಬರಲ್ಲಿ ಕಪ್ಪು ಕೆಲಸಗಾರರೂ ಇದ್ದರು. ತಮಗೆ ಬಾಗಿಲು ಮುಚ್ಚಿದ್ದ ಸಂಘಕ್ಕಾಗಿ ಅವರು ಹಸಿದಿರಬೇಕಿತ್ತೆಂದು ಯಾವ ನ್ಯಾಯದ ಮೇಲೆ ಹೇಳೋಣ?

ಹಳೇಸೇತುವೆ:

ಎರಡನೆಯ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ಅಮಾಲ್ಗಮೇಟೆಡ್ ಸಂಘ ತನ್ನ ಕಿರಿದುತನಕ್ಕೆ ತಾನೇ ಬೆಲೆ ತೆತ್ತಿತು. ಸಂಘದ ಹೊರಗಿದ್ದವರು 1892ರಲ್ಲಿ ತೋರಿಸಿದ ಒಗ್ಗಟ್ಟಿಗೆ ಅದು ಅರ್ಹವಾಗಿತ್ತೆಂದು ಹೇಳುವುದು ಕಷ್ಟ.

ಮೊದಲನೆಯದಕ್ಕೆ ಸಂಬಂಧಿಸಿದಂತೆ, ಹೊಸ ಯಂತ್ರ ತಂದ ಗಳಿಕೆ ಹೇಗೆ ಹಂಚಿಹೋಯಿತೆಂದು ನೋಡೋಣ. ಬ್ರಾಡಕ್ ಕಾರ್ಖಾನೆಯನ್ನು ನಡೆಸುತ್ತಿದ್ದ ಕ್ಯಾಪ್ಟನ್ ವಿಲಿಯಂ ಜೋನ್ಸ್ ಸ್ವತಃ ಕುಲುಮೆಯ ಪಕ್ಕದಲ್ಲಿ ಬೆಳೆದವರು. ಹನ್ನೆರಡು ಗಂಟೆ ದುಡಿದು ದಣಿದವನು ಉಕ್ಕನ್ನೂ ಕೆಡಿಸುತ್ತಾನೆ, ತನ್ನನ್ನೂ ಕೊಂದುಕೊಳ್ಳುತ್ತಾನೆ ಎಂದು ವಾದಿಸಿ, ಕಾರ್ನೆಗಿಯವರನ್ನು ಒಪ್ಪಿಸಿ, ಎಂಟು ಗಂಟೆಯ ಮೂರು ಪಾಳಿಗಳನ್ನು ಜಾರಿಗೆ ತಂದಿದ್ದರು. ಉತ್ಪಾದನೆ ಕುಗ್ಗಲಿಲ್ಲ. ಆದರೂ ಇತರ ಕಾರ್ಖಾನೆಗಳು ಹನ್ನೆರಡು ಗಂಟೆ ದುಡಿಸುತ್ತಿವೆ ಎಂಬ ಕಾರಣ ಕೊಟ್ಟು 1888ರ ಹೊತ್ತಿಗೆ ಹಳೆಯ ಎರಡು ಪಾಳಿಗಳನ್ನು ಮತ್ತೆ ಹೇರಲಾಯಿತು. ಜೋನ್ಸ್ 1889ರಲ್ಲಿ ಅದೇ ಬ್ರಾಡಕ್‌ನ ಕುಲುಮೆಯೊಂದು ಸಿಡಿದು ಸುಟ್ಟಗಾಯಗಳಿಂದ ತೀರಿಕೊಂಡರು. ಸಂಘ ಸೋತ ಮೇಲೆ ಹೋಮ್‌ಸ್ಟೆಡ್‌ನಲ್ಲೂ ಹನ್ನೆರಡು ಗಂಟೆಯ ದುಡಿಮೆ ಹೆಚ್ಚಿನ ವಿಭಾಗಗಳಿಗೆ ಹಬ್ಬಿತು. ಹಗಲು ಪಾಳಿಯವರು ರಾತ್ರಿ ಪಾಳಿಗೆ ಬದಲಾಗುವ ವಾರ, ಅಂದರೆ ಎರಡು ವಾರಕ್ಕೊಮ್ಮೆ, ಒಂದೇ ಸಮನೆ 24 ಗಂಟೆ ನಿಂತು ದುಡಿಯಬೇಕಿತ್ತು. 1900ರಲ್ಲಿ ಕಾರ್ನೆಗಿ ಕಂಪನಿಯ ಲಾಭ ನಾಲ್ಕು ಕೋಟಿ ಡಾಲರ್ ಮುಟ್ಟಿತ್ತು. ಗಳಿಕೆಯ ಒಂದು ಪಾಲು ಗಿರಾಕಿಗೆ ಹೋಯಿತು ಎಂಬುದು ನಿಜ. ಆದರೆ ಎಂಟು ಗಂಟೆಯ ಪಾಳಿಯನ್ನು ಉಳಿಸಿಕೊಳ್ಳಲೂ ಆಗದಂಥ ಬಡತನ ಕಂಪನಿಗೆ ಇರಲಿಲ್ಲ.

ಇನ್ನೂ ಒಂದು ಸಂಗತಿಯಿದೆ. 1886ರಲ್ಲಿ ಕಾರ್ನೆಗಿಯವರೇ ಪತ್ರಿಕೆಗೆ ಬರೆದ ಲೇಖನಗಳಲ್ಲಿ ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕಿದೆಯೆಂದೂ, ಮುಷ್ಕರ ಹೂಡಿದವರ ಜಾಗಕ್ಕೆ ಹೊಸಬರನ್ನು ತರುವುದು ತಪ್ಪೆಂದೂ ಒಪ್ಪಿದ್ದರು. ಹೋಮ್‌ಸ್ಟೆಡ್‌ನ ಜನ ಆ ಮಾತನ್ನು ನಂಬಿದ್ದರು. ಫ್ರಿಕ್ ಸಂಘವನ್ನು ಮುರಿಯಲು ಹೊರಟಾಗ ಸ್ಕಾಟ್ಲೆಂಡಿನಿಂದ ಬಂದ ಪತ್ರಗಳು ಅದಕ್ಕೆ ಬೆಂಬಲವನ್ನೇ ಸೂಚಿಸಿದವು. ಕೈಮಗ್ಗದ ನೇಕಾರನ ಮಗನಾಗಿ ಡನ್‌ಫರ್ಮ್‌ಲಿನ್‌ನಲ್ಲಿ ಹುಟ್ಟಿ, ಉಗಿಯಂತ್ರದ ಮಗ್ಗಗಳು ತಂದೆಯ ಅನ್ನ ಕಸಿದದ್ದನ್ನು ಕಣ್ಣಾರೆ ಕಂಡು, 1848ರಲ್ಲಿ ಅಮೆರಿಕಕ್ಕೆ ಬಂದು ವಾರಕ್ಕೆ 1 ಡಾಲರ್ 20 ಸೆಂಟ್‌ಗೆ ಹತ್ತಿ ಗಿರಣಿಯಲ್ಲಿ ದುಡಿದ ಹುಡುಗ ಅವರು. ಅವರಿಗೆ ಕೆಲಸಗಾರರ ಬದುಕು ಗೊತ್ತಿರಲಿಲ್ಲ ಎನ್ನುವಂತಿಲ್ಲ. ನನಗೆ ಈ ಇತಿಹಾಸದಲ್ಲಿ ಅತ್ಯಂತ ನೋವು ಕೊಡುವ ಭಾಗ ಇದು.

ಭದ್ರಾತೀರ:

ನಾನು ಭದ್ರಾವತಿಯವಳು, ನಮ್ಮ ಮನೆಯಲ್ಲಿ ಎರಡು ತಲೆಮಾರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದಿದೆ. ಆ ಪಿಟ್ಸ್‌ಬರ್ಗಿಗೂ ನಮಗೂ ಒಂದು ನೇರ ಕೊಂಡಿ ಇದೆ. ಜಮ್‌ಶೇಟ್‌ಜಿ ಟಾಟಾ 1902ರಲ್ಲಿ ಅಮೆರಿಕಕ್ಕೆ ಹೋದಾಗ ಸಲಹೆ ಕೇಳಿದ ಜೂಲಿಯನ್ ಕೆನಡಿ ಹಿಂದೆ ಕಾರ್ನೆಗಿಯವರ ಕುಲುಮೆಗಳನ್ನು ನಡೆಸಿದವರು. ಆಗ ಟಾಟಾ ಅವರಿಗೆ ಪರಿಚಯವಾದ ನ್ಯೂಯಾರ್ಕಿನ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರ ಸಂಸ್ಥೆಯ ಸಲಹೆಯನ್ನೇ ಮೈಸೂರು ಸರ್ಕಾರವೂ ಪಡೆದು, 1923ರಲ್ಲಿ ಭದ್ರಾವತಿಯಲ್ಲಿ ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರುಮಾಡಿತು.

ಕುಲುಮೆಯ ಕೆಲಸ ಎಂಥದ್ದೆಂದು ಮನೆಯವರ ಮೈಮೇಲಿನ ಗುರುತುಗಳಿಂದ ಬಲ್ಲೆ. ಅದಕ್ಕಾಗಿ ಕೇಳುತ್ತೇನೆ: ಕೆಲಸದಲ್ಲಿ ಸತ್ತವರ, ಕೈಕಾಲು ಕಳೆದುಕೊಂಡವರ ಸಂಸಾರಗಳಿಗೆ ಅಲ್ಲಿ ಏನು ಸಿಗುತ್ತಿತ್ತು?

ಪಶ್ಚಿಮವಾಹಿನಿ:

ಭದ್ರಾತೀರದವರೇ, ಇದಕ್ಕೆ ನಾನೇ ಉತ್ತರಿಸುತ್ತೇನೆ, ಏಕೆಂದರೆ ಸುಧಾರಣೆಯ ಯುಗದ ಪಾಠಕ್ಕೆ ಇದನ್ನು ಸಿದ್ಧಮಾಡಿಕೊಂಡಿದ್ದೇನೆ.

1907–08ರಲ್ಲಿ ಪಿಟ್ಸ್‌ಬರ್ಗ್ ಸಮೀಕ್ಷೆ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ ಅಪಘಾತಗಳ ಭಾಗವನ್ನು ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಯುವ ವಕೀಲೆ ವಹಿಸಿಕೊಂಡರು. ಪಿಟ್ಸ್‌ಬರ್ಗ್ ಇರುವ ಅಲೆಗೆನಿ ಜಿಲ್ಲೆಯಲ್ಲಿ 1906ರ ಜುಲೈಯಿಂದ 1907ರ ಜೂನ್‌ವರೆಗಿನ ಹನ್ನೆರಡು ತಿಂಗಳಲ್ಲಿ ಕೆಲಸದ ಅಪಘಾತಗಳಿಂದ 526 ಮಂದಿ ಸತ್ತಿದ್ದರು. ಈಸ್ಟ್‌ಮನ್ ಅಷ್ಟೂ ಸಾವುಗಳ ಬಗ್ಗೆ ವಿಚಾರಿಸಿ, ತಪ್ಪು ಯಾರದ್ದು, ಮನೆಯವರಿಗೆ ಎಷ್ಟು ಸಿಕ್ಕಿತು, ಆಮೇಲೆ ಅವರು ಹೇಗೆ ಬದುಕಿದರು ಎಂಬುದನ್ನು ಕಲೆಹಾಕಿದರು. ಬಹುಪಾಲು ಸಂಸಾರಗಳಿಗೆ ಸಿಕ್ಕಿದ್ದು ಶವಸಂಸ್ಕಾರದ ಖರ್ಚು ಅಥವಾ ಅದಕ್ಕಿಂತ ತುಸು ಹೆಚ್ಚು. ಅಂದಿನ ಕಾನೂನಿನಲ್ಲಿ ಮಾಲೀಕನಿಗೆ ಮೂರು ರಕ್ಷಣೆಗಳಿದ್ದವು: ಅಪಾಯವಿದೆಯೆಂದು ತಿಳಿದೇ ಕೆಲಸಕ್ಕೆ ಸೇರಿದ್ದಾನೆ, ಜೊತೆಯ ಕೆಲಸಗಾರನ ಅಜಾಗ್ರತೆಯಿಂದ ಹೀಗಾಯಿತು, ಸತ್ತವನದ್ದೂ ಒಂದಿಷ್ಟು ತಪ್ಪಿತ್ತು. ಈ ಮೂರರಲ್ಲಿ ಒಂದು ನಿಂತರೂ ವಿಧವೆಯ ಮೊಕದ್ದಮೆ ಬಿದ್ದುಹೋಗುತ್ತಿತ್ತು.

ಈಸ್ಟ್‌ಮನ್ ಅವರ ಶ್ರಮದ ಫಲವಾಗಿ ನ್ಯೂಯಾರ್ಕ್ ರಾಜ್ಯ 1910ರಲ್ಲಿ ಪರಿಹಾರ ಕಾಯಿದೆ ಮಾಡಿತು. 1911ರ ಮಾರ್ಚ್ 24ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ, ತಪ್ಪಿಲ್ಲದ ಮಾಲೀಕನಿಂದ ಹಣ ಕೊಡಿಸುವುದು ಅವನ ಆಸ್ತಿಯನ್ನು ಕಸಿದಂತೆ ಎಂದು ಆ ಕಾಯಿದೆಯನ್ನು ರದ್ದುಗೊಳಿಸಿತು. ಮರುದಿನವೇ, ಮಾರ್ಚ್ 25ರಂದು, ನ್ಯೂಯಾರ್ಕ್ ನಗರದ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವಲಸೆ ಬಂದ ಯುವತಿಯರು, ಹೊರಬೀಳಬೇಕಾದ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ರಾಜ್ಯದ ಸಂವಿಧಾನವನ್ನೇ ತಿದ್ದಿದ ಮೇಲೆ, 1913ರ ನಂತರ, ಪರಿಹಾರ ಕಾಯಿದೆ ನೆಲೆ ನಿಂತಿತು. ‘ಕಾನೂನು ಬಂದು ಸರಿಪಡಿಸಿತು’ ಎಂಬ ವಾಕ್ಯವನ್ನು ನಾನು ತರಗತಿಯಲ್ಲಿ ಇನ್ನು ಹೇಳುವುದಿಲ್ಲ. ಕಾನೂನು ಬಂದಿತು, ನ್ಯಾಯಾಲಯ ಅದನ್ನು ಕೆಡವಿತು, ಹೆಣಗಳು ಬಿದ್ದವು, ಮತ್ತೆ ಕಾನೂನು ಬಂದಿತು. ಅದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ವೇಗದಲ್ಲಿ.

ಕಡತ:

ಇದಕ್ಕೆ ಸೇರಿಸಬೇಕಾದ ಒಂದು ಮಾತಿದೆ. 1890ರ ಶೆರ್ಮನ್ ಕಾಯಿದೆ ಟ್ರಸ್ಟುಗಳನ್ನು ಅಂಕೆಯಲ್ಲಿಡಲು ಬಂದದ್ದು. ಆದರೆ 1894ರ ಪುಲ್‌ಮನ್ ರೈಲು ಮುಷ್ಕರದಲ್ಲಿ ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್ ಮತ್ತು ಅವರ ಸಂಘದ ವಿರುದ್ಧ ಕೆಳ ನ್ಯಾಯಾಲಯ ಅದನ್ನೇ ಪ್ರಯೋಗಿಸಿತು; 1895ರಲ್ಲಿ ಸಕ್ಕರೆ ಟ್ರಸ್ಟಿನ ಪ್ರಕರಣ ಬಂದಾಗ, ತಯಾರಿಕೆ ಎಂಬುದು ವಾಣಿಜ್ಯವಲ್ಲ ಎಂದು ಸುಪ್ರೀಂ ಕೋರ್ಟ್ ಟ್ರಸ್ಟನ್ನು ಬಿಟ್ಟುಬಿಟ್ಟಿತು. ಬದಲಾವಣೆ ಮೊದಲು ಕಾಣಿಸಿದ್ದು 1902ರ ಕಲ್ಲಿದ್ದಲು ಗಣಿ ಮುಷ್ಕರದಲ್ಲಿ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಾಲೀಕರ ಪರವಾಗಿ ಸೈನ್ಯ ಕಳುಹಿಸುವ ಬದಲು ಎರಡೂ ಕಡೆಯವರನ್ನು ಕರೆಸಿ ಆಯೋಗ ನೇಮಿಸಿದರು. ಗಣಿ ಕಾರ್ಮಿಕರಿಗೆ ಶೇ. 10 ಕೂಲಿ ಹೆಚ್ಚಳವೂ ಹೆಚ್ಚಿನವರಿಗೆ ಒಂಬತ್ತು ಗಂಟೆಯ ದುಡಿಮೆಯೂ ದಕ್ಕಿದವು, ಸಂಘಕ್ಕೆ ಮಾನ್ಯತೆ ಮಾತ್ರ ದಕ್ಕಲಿಲ್ಲ. ಅದೇ ರೂಸ್‌ವೆಲ್ಟ್ 1907ರ ಹಣಕಾಸು ದಿಗಿಲಿನಲ್ಲಿ ಟೆನೆಸ್ಸೀ ಕಲ್ಲಿದ್ದಲು ಮತ್ತು ಕಬ್ಬಿಣ ಕಂಪನಿಯನ್ನು, ಕಾರ್ನೆಗಿ ಕಂಪನಿಯನ್ನೂ ಒಳಗೊಂಡಿದ್ದ ಯುಎಸ್ ಸ್ಟೀಲ್ ನುಂಗಲು ಸಮ್ಮತಿಸಿದರು. ಆ ಟೆನೆಸ್ಸೀ ಕಂಪನಿ ಅಲಬಾಮಾದ ಗಣಿಗಳಲ್ಲಿ ಬಾಡಿಗೆಗೆ ಪಡೆದ ಕೈದಿಗಳನ್ನು ದುಡಿಸುತ್ತಿತ್ತು, ಅವರಲ್ಲಿ ಬಹುಪಾಲು ಕಪ್ಪು ಜನರು. ಸುಧಾರಣೆಯ ಯುಗವೆಂದು ಪಾಠ ಹೇಳುವಾಗ ಈ ಗಣಿಗಳು ಹೊರಗೆ ಉಳಿಯಬಾರದು.

ಹಳೇಸೇತುವೆ:

ಇನ್ನು ಗ್ರಂಥಾಲಯದ ಪ್ರಶ್ನೆಗೆ ಬರುತ್ತೇನೆ. 1901ರಲ್ಲಿ ಬ್ಯಾಂಕ್ ಉದ್ಯಮಿ ಜೆ. ಪಿ. ಮಾರ್ಗನ್ 48 ಕೋಟಿ ಡಾಲರಿಗೆ ಕಾರ್ನೆಗಿ ಕಂಪನಿಯನ್ನು ಕೊಂಡು, 140 ಕೋಟಿ ಡಾಲರ್ ಬಂಡವಾಳದ ಯುಎಸ್ ಸ್ಟೀಲ್ ಕಟ್ಟಿದರು. ಕಾರ್ನೆಗಿ ತಮ್ಮ ಪಾಲಿನ ಬಹುಭಾಗವನ್ನು ಬದುಕಿರುವಾಗಲೇ ಕೊಟ್ಟುಬಿಟ್ಟರು. ಒಟ್ಟು ದಾನ ಸುಮಾರು 35 ಕೋಟಿ ಡಾಲರ್. ಗ್ರಂಥಾಲಯ ಬೇಕೆಂದ ಊರು ನಿವೇಶನ ಕೊಡಬೇಕು, ದಾನದ ಹತ್ತನೆಯ ಒಂದು ಭಾಗದಷ್ಟನ್ನು ಪ್ರತಿವರ್ಷ ತೆರಿಗೆಯಿಂದ ಅದರ ನಿರ್ವಹಣೆಗೆ ಎತ್ತಿಡಬೇಕು ಎಂಬ ಷರತ್ತು ಇತ್ತು. ಇದು ಒಳ್ಳೆಯ ಷರತ್ತು. ಪುಸ್ತಕ ಓದುವ ಹಕ್ಕನ್ನು ಊರಿನ ಸಾರ್ವಜನಿಕ ಹೊಣೆಯನ್ನಾಗಿ ಮಾಡಿತು. ಲಕ್ಷಾಂತರ ಬಡ ಮಕ್ಕಳು ಆ ಕಟ್ಟಡಗಳಲ್ಲಿ ಓದಿ ಬೆಳೆದರು ಎಂಬುದನ್ನು ನಾನು ಎಳ್ಳಷ್ಟೂ ಕಡಿಮೆ ಮಾಡಿ ಹೇಳುವುದಿಲ್ಲ.

ಹೋಮ್‌ಸ್ಟೆಡ್‌ಗೂ 1898ರಲ್ಲಿ ಒಂದು ಗ್ರಂಥಾಲಯ ಸಿಕ್ಕಿತು: ಸಂಗೀತ ಸಭಾಂಗಣ, ಈಜುಕೊಳ ಎಲ್ಲವೂ ಇದ್ದ ಭವ್ಯ ಕಟ್ಟಡ. ಪಿಟ್ಸ್‌ಬರ್ಗ್ ಸಮೀಕ್ಷೆಯವರು ಅಲ್ಲಿನ ಕೆಲಸಗಾರರನ್ನು ಮಾತಾಡಿಸಿದಾಗ, ಹನ್ನೆರಡು ಗಂಟೆ ದುಡಿದು ಬಂದವನಿಗೆ ಗ್ರಂಥಾಲಯ ಯಾವ ಪ್ರಯೋಜನಕ್ಕೆ ಎಂಬ ಉತ್ತರ ಬಂದಿತು. ಸಾಮಾನ್ಯ ಕೂಲಿಗೆ ಆಗ ಗಂಟೆಗೆ ಹದಿನಾರೂವರೆ ಸೆಂಟ್, ಹನ್ನೆರಡು ಗಂಟೆಗೆ ಎರಡು ಡಾಲರಿಗೂ ತುಸು ಕಡಿಮೆ. ಕೂಲಿ ಹೆಚ್ಚಿಸಿದರೆ ಕೆಲಸಗಾರ ಅದನ್ನು ಊಟ ಬಟ್ಟೆಗಳಲ್ಲಿ ಕಳೆದುಬಿಡುತ್ತಾನೆ, ಅದೇ ಹಣ ಒಬ್ಬ ವಿವೇಕಿಯ ಕೈಯಲ್ಲಿ ಒಟ್ಟುಗೂಡಿದರೆ ಸಮಾಜಕ್ಕೆ ಹೆಚ್ಚು ಹಿತ ಎಂದು ಕಾರ್ನೆಗಿ 1889ರಲ್ಲೇ ಬರೆದು ವಾದಿಸಿದ್ದರು. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ತೋರಿಸಿ. ಕೂಲಿ ಕಡಿತವೂ ಗ್ರಂಥಾಲಯವೂ ಅವರ ಮನಸ್ಸಿನಲ್ಲಿ ಒಂದಕ್ಕೊಂದು ವಿರುದ್ಧವಾಗಿರಲಿಲ್ಲ. ಎರಡೂ ಒಂದೇ ನಂಬಿಕೆಯಿಂದ ಹೊರಟವು. ಆ ನಂಬಿಕೆಯಲ್ಲಿ ದುಡಿದವನಿಗೆ ತನ್ನ ಗಳಿಕೆಯ ಬಗ್ಗೆ ನಿರ್ಧರಿಸುವ ಅಧಿಕಾರವಿಲ್ಲ. ನಾನು ಅದನ್ನು ತಪ್ಪೆನ್ನುವುದು ಈ ಕಾರಣಕ್ಕೆ.

ಯುದ್ಧದ ಕಡೆಗೂ ಇದೇ ಕಾರ್ಖಾನೆಯಿಂದ ದಾರಿ ಹೋಗುತ್ತದೆ. ಹೋಮ್‌ಸ್ಟೆಡ್‌ನಲ್ಲಿ ಹಳಿಗಿಂತ ಮುಖ್ಯವಾಗಿ ತಯಾರಾಗುತ್ತಿದ್ದುದು ಗರ್ಡರುಗಳು, ದಪ್ಪ ಹಲಗೆಗಳು ಮತ್ತು ಅಮೆರಿಕದ ನೌಕಾಪಡೆಯ ಯುದ್ಧನೌಕೆಗಳಿಗೆ ಹೊದಿಸುವ ಕವಚದ ಉಕ್ಕು. 1893–94ರಲ್ಲಿ ಆ ಕವಚದ ಗುಣಮಟ್ಟದ ಬಗ್ಗೆ ದೂರು ಬಂದು ಸರ್ಕಾರ ಕಂಪನಿಗೆ ದಂಡ ವಿಧಿಸಿತು. 1907ರ ಡಿಸೆಂಬರಿನಲ್ಲಿ ರೂಸ್‌ವೆಲ್ಟ್ 16 ಯುದ್ಧನೌಕೆಗಳನ್ನು ಭೂಮಿ ಸುತ್ತಿ ಬರಲು ಕಳುಹಿಸಿದಾಗ, ಅದರ ಹಿಂದೆ ಪೆನ್ಸಿಲ್ವೇನಿಯಾದ ಇಂಥ ಕಾರ್ಖಾನೆಗಳ ಇಪ್ಪತ್ತು ವರ್ಷಗಳ ಕೆಲಸವಿತ್ತು. ಅಷ್ಟರಲ್ಲಿ ಕಾರ್ನೆಗಿ ಶಾಂತಿಯ ಪ್ರಚಾರಕರಾಗಿದ್ದರು. ಅಮೆರಿಕ ಫಿಲಿಪ್ಪೀನ್ಸನ್ನು ವಶಪಡಿಸಿಕೊಳ್ಳುವುದನ್ನು ಬಹಿರಂಗವಾಗಿ ವಿರೋಧಿಸಿದ್ದರು; 1910ರಲ್ಲಿ ಒಂದು ಕೋಟಿ ಡಾಲರ್ ಕೊಟ್ಟು ಅಂತರರಾಷ್ಟ್ರೀಯ ಶಾಂತಿಗಾಗಿ ಸಂಸ್ಥೆ ಕಟ್ಟಿದರು; ಅವರ ಹಣದಿಂದ ಎದ್ದ ಹೇಗ್ ನಗರದ ಶಾಂತಿ ಅರಮನೆ 1913ರ ಆಗಸ್ಟ್ 28ರಂದು ತೆರೆಯಿತು. ಒಂದು ವರ್ಷವೂ ತುಂಬುವ ಮೊದಲೇ ಯೂರೋಪು ಯುದ್ಧಕ್ಕಿಳಿಯಿತು.

ಭದ್ರಾತೀರ:

ಉತ್ತರಗಳಿಗಾಗಿ ಇಬ್ಬರಿಗೂ ವಂದನೆಗಳು. ಹಾಗಾದರೆ ಹನ್ನೆರಡು ಗಂಟೆಯ ದುಡಿಮೆ ಕೊನೆಗೆ ಯಾವಾಗ ನಿಂತಿತು? ಸಂಘ ಹೋಮ್‌ಸ್ಟೆಡ್‌ಗೆ ಮತ್ತೆ ಬಂದಿತೇ?

ಹಳೇಸೇತುವೆ:

1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ಡೆಟ್ರಾಯಿಟ್ ಬಳಿಯ ಹೈಲೆಂಡ್ ಪಾರ್ಕ್‌ನ ತಮ್ಮ ಕಾರು ಕಾರ್ಖಾನೆಯಲ್ಲಿ ಎಂಟು ಗಂಟೆಗೆ ಐದು ಡಾಲರ್ ಕೂಲಿ ಘೋಷಿಸಿದರು. ಅದೇ ವರ್ಷ ಏಪ್ರಿಲ್ 20ರಂದು, ಕೊಲೊರಾಡೊದ ಲಡ್ಲೋದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿದ್ದು, ನೆಲದಡಿಯ ಗುಂಡಿಯೊಂದರಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಕ್ಕಳೂ ಸತ್ತರು. ಮಹಾಯುದ್ಧದ ಹೊಸ್ತಿಲಲ್ಲಿ ಅಮೆರಿಕದ ಕೈಗಾರಿಕೆ ಈ ಎರಡೂ ಆಗಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಹನ್ನೆರಡು ಗಂಟೆಯ ಪಾಳಿ 1923ರಲ್ಲಿ ನಿಂತಿತು. ಯುಎಸ್ ಸ್ಟೀಲ್ ಉಕ್ಕು ಕೆಲಸಗಾರರ ಸಂಘಟನಾ ಸಮಿತಿಗೆ ಮಾನ್ಯತೆ ಕೊಟ್ಟದ್ದು 1937ರ ಮಾರ್ಚ್‌ನಲ್ಲಿ, ಹೋಮ್‌ಸ್ಟೆಡ್ ಸೋತು 45ನೆಯ ವರ್ಷಕ್ಕೆ. ಈ ಬಾರಿಯ ಸಂಘದಲ್ಲಿ ಸ್ಲೋವಾಕರಿಗೂ ಕಪ್ಪು ಕೆಲಸಗಾರರಿಗೂ ಸದಸ್ಯತ್ವವಿತ್ತು.